ನೀಹಾರಿಕೆಯ ಬೆಳಕು, ಮಲೆನಾಡಿನ ಕತ್ತಲು

ನೀಹಾರವೆಂದರೆ ಮಂಜು. ನಕ್ಷತ್ರಗಳ ನಡುವೆ ಮಬ್ಬಾಗಿ ಹರಡಿಕೊಂಡಿರುವ ಅನಿಲ ಮತ್ತು ಧೂಳಿನ ಮೋಡಗಳಿಗೆ ಕನ್ನಡದಲ್ಲಿ ನೀಹಾರಿಕೆ ಎಂಬ ಹೆಸರು ನಿಂತಿರುವುದು ಈ ಸಾದೃಶ್ಯದಿಂದಲೇ. ಮಲೆನಾಡಿನವರಾದ ನಮಗೆ ಮಂಜನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಕಾರ್ತಿಕದಿಂದ ಮಾಘದವರೆಗೆ ನಮ್ಮ ಅಡಿಕೆ ತೋಟಗಳ ಮೇಲೆ, ಕಾಫಿ ಗಿಡಗಳ ಮೇಲೆ, ತುಂಗಾ ಭದ್ರಾ ನದಿಗಳ ಮೇಲೆ ಅದು ಇಳಿಯುವುದನ್ನು ಹುಟ್ಟಿದಂದಿನಿಂದ ಕಂಡಿದ್ದೇವೆ. ಆದರೆ ಆ ನೆಲದ ಮಂಜಿಗಿಂತ ಆಚೆಗೆ, ಸಾವಿರಾರು ಜ್ಯೋತಿರ್ವರ್ಷಗಳ ದೂರದಲ್ಲಿ, ನಕ್ಷತ್ರಗಳು ಹುಟ್ಟುವ ಇನ್ನೊಂದು ಮಂಜಿದೆ ಎಂಬುದನ್ನೂ, ಸಾಮಾನ್ಯ ಸಂಸಾರವೊಂದರ ಕೈಗೆಟುಕುವ ಚಿಕ್ಕ ದೂರದರ್ಶಕದಿಂದ ಅದರ ಛಾಯಾಚಿತ್ರವನ್ನು ತೆಗೆಯಬಹುದೆಂಬುದನ್ನೂ ನಾವು ತಿಳಿದದ್ದು ನಡುವಯಸ್ಸು ದಾಟಿದ ಮೇಲೆ. ಈ ಕೆಲಸದಲ್ಲಿ ಕಳೆದ ಹಲವು ಚಳಿಗಾಲಗಳಲ್ಲಿ ನಮಗೆ ಮನದಟ್ಟಾದದ್ದು ಒಂದೇ ಮಾತು: ಇದಕ್ಕೆ ಬೇಕಾದ ಮುಖ್ಯ ಬಂಡವಾಳ ಯಂತ್ರವಲ್ಲ, ಕತ್ತಲೆ. ಆ ಬಂಡವಾಳ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಇನ್ನೂ ಉಳಿದಿದೆ, ಆದರೆ ಕರಗುತ್ತಿದೆ.

ನಮ್ಮ ರೈತರಿಗೆ ನಕ್ಷತ್ರಗಳ ಹೆಸರು ಅಪರಿಚಿತವಲ್ಲ. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂದು ಮಳೆಗಳನ್ನು ಎಣಿಸುವವರು ನಾವು. ಆದರೆ ಆರಿದ್ರ ಮಳೆ ಸುರಿಯುವಾಗ ಆರ್ದ್ರಾ ನಕ್ಷತ್ರ ಕಾಣುವುದಿಲ್ಲವೆಂಬುದನ್ನು ಎಷ್ಟು ಮಂದಿ ಯೋಚಿಸಿದ್ದೇವೆ? ಜೂನ್ ತಿಂಗಳ ಕೊನೆಯಲ್ಲಿ ಸೂರ್ಯನು ಆ ನಕ್ಷತ್ರದ ನೆರೆಯಲ್ಲಿರುತ್ತಾನೆ. ಆದುದರಿಂದ ಅದು ಹಗಲಿನಲ್ಲಿಯೇ ಮೂಡಿ ಹಗಲಿನಲ್ಲಿಯೇ ಮುಳುಗುತ್ತದೆ. ಆರು ತಿಂಗಳ ಅನಂತರ, ಮಳೆಯೆಲ್ಲ ನಿಂತು ಅಡಿಕೆ ಕೊಯ್ಲು ನಡೆದಿರುವ ಡಿಸೆಂಬರಿನಲ್ಲಿ, ಅದೇ ಆರ್ದ್ರೆ ಸಂಜೆಗೆ ಪೂರ್ವದಲ್ಲಿ ಕೆಂಪಗೆ ಮೇಲೇರುತ್ತದೆ. ಅದು ಮಹಾವ್ಯಾಧ ಎಂಬ ನಕ್ಷತ್ರಪುಂಜದ ಒಂದು ಭುಜ. ಮಹಾವ್ಯಾಧನ ನಡುವಿನ ಮೂರು ನಕ್ಷತ್ರಗಳ ಪಟ್ಟಿಯ ಕೆಳಗೆ, ಒರೆಗೆ ಸಿಕ್ಕಿಸಿದ ಕತ್ತಿಯಂತೆ ಕಾಣುವ ಸಾಲಿನ ಮಧ್ಯದಲ್ಲಿ ಬರಿಗಣ್ಣಿಗೂ ಸ್ವಲ್ಪ ಮಬ್ಬಾಗಿ ತೋರುವ ಒಂದು ಚುಕ್ಕೆ ಇದೆ. ಅದೇ ಮಹಾವ್ಯಾಧ ನೀಹಾರಿಕೆ. ನಮ್ಮಿಂದ ಸುಮಾರು 1,340 ಜ್ಯೋತಿರ್ವರ್ಷ ದೂರ. ಅಗಲ ಸುಮಾರು 24 ಜ್ಯೋತಿರ್ವರ್ಷ. ಅಷ್ಟು ದೂರದಲ್ಲಿದ್ದರೂ ಆಕಾಶದಲ್ಲಿ ಅದು ಆಕ್ರಮಿಸುವ ಸ್ಥಳ ಹುಣ್ಣಿಮೆಯ ಚಂದ್ರನ ಎರಡರಷ್ಟು ಅಗಲವಾದುದು. ಚಿಕ್ಕದಾಗಿರುವುದರಿಂದ ಅದು ಕಾಣದಿರುವುದಲ್ಲ, ಮಂಕಾಗಿರುವುದರಿಂದ ಕಾಣದು. ಈ ವ್ಯತ್ಯಾಸವನ್ನು ತಿಳಿದರೆ ಈ ವಿದ್ಯೆಯ ಅರ್ಧ ತಿಳಿದಂತೆ. ನಮಗೆ ಬೇಕಾದದ್ದು ಹಿಗ್ಗಿಸುವ ಯಂತ್ರವಲ್ಲ, ಬೆಳಕನ್ನು ಕೂಡಿಡುವ ಯಂತ್ರ.

ನಮ್ಮಲ್ಲಿರುವುದು ಆರು ಅಂಗುಲ, ಅಂದರೆ 150 ಮಿಲಿಮೀಟರ್ ವ್ಯಾಸದ ಕನ್ನಡಿಯುಳ್ಳ ಪ್ರತಿಫಲನ ದೂರದರ್ಶಕ. ಅದರ ಸಂಗಮದೂರ 750 ಮಿಲಿಮೀಟರ್. ಕತ್ತಲೆಗೆ ಹೊಂದಿಕೊಂಡ ಮನುಷ್ಯನ ಕಣ್ಣಿನ ಪಾಪೆ ಹೆಚ್ಚೆಂದರೆ ಏಳು ಮಿಲಿಮೀಟರ್ ಅರಳುತ್ತದೆ. ಆ ಲೆಕ್ಕದಲ್ಲಿ ಈ ಕನ್ನಡಿ ಕಣ್ಣಿಗಿಂತ ಸುಮಾರು 450 ಪಟ್ಟು ಬೆಳಕನ್ನು ಹಿಡಿಯುತ್ತದೆ. ಅದಕ್ಕೆ ಜೋಡಿಸಿದ್ದು ಯಾರೋ ಬಳಸಿ ಮಾರಿದ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ. ಭೂಮಿ ತಿರುಗುವುದರಿಂದ ಆಕಾಶವು ಗಂಟೆಗೆ ಹದಿನೈದು ಅಂಶದಂತೆ ಪಶ್ಚಿಮಕ್ಕೆ ಸರಿಯುತ್ತದೆ. ಆ ಚಲನೆಯನ್ನು ಅನುಸರಿಸಿ ದೂರದರ್ಶಕವನ್ನು ಮೆಲ್ಲನೆ ತಿರುಗಿಸುವ ಒಂದು ಮೋಟಾರು ಪೀಠದಲ್ಲಿದೆ. ಇಷ್ಟೇ ನಮ್ಮ ಸಲಕರಣೆ. ನಮ್ಮ ತಮ್ಮನೂ ನಾವೂ ಸೇರಿ ಇದನ್ನು ಕಾಫಿ ಕಣದ ಮೇಲೆ ಇರಿಸುತ್ತೇವೆ. ಕೊಯ್ಲಿನ ದಿನಗಳಲ್ಲಿ ಹಣ್ಣು ಹರಡುವ ಆ ಸಮತಟ್ಟಾದ ಸಿಮೆಂಟಿನ ನೆಲ ಇದಕ್ಕೆಂದೇ ಮಾಡಿದಂತಿದೆ. ಒಂದು ಮೂಲೆಯಷ್ಟನ್ನು ಕಾಫಿಯಿಂದ ಬಿಡಿಸಿಕೊಳ್ಳಲು ಮನೆಯವರೊಡನೆ ಪ್ರತಿವರ್ಷ ಒಂದು ಒಪ್ಪಂದವಾಗಬೇಕು, ಅಷ್ಟೇ.

ಪೀಠದ ಅಕ್ಷವು ಆಕಾಶದ ಉತ್ತರ ಧ್ರುವದ ಕಡೆಗೆ ನೇರವಾಗಿ ತೋರಬೇಕು. ಇಲ್ಲವಾದರೆ ನಕ್ಷತ್ರಗಳು ಚುಕ್ಕೆಗಳಾಗಿ ಬರದೆ ಗೀರುಗಳಾಗಿ ಬರುತ್ತವೆ. ಯುರೋಪು ಅಮೆರಿಕಗಳ ಪುಸ್ತಕಗಳೆಲ್ಲ ಧ್ರುವನಕ್ಷತ್ರವನ್ನು ನೋಡಿ ಹೊಂದಿಸಿಕೊಳ್ಳಿರಿ ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಆದರೆ ಯಾವ ಊರಿನಲ್ಲಾದರೂ ಧ್ರುವನ ಎತ್ತರವು ಆ ಊರಿನ ಅಕ್ಷಾಂಶದಷ್ಟೇ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ಹದಿಮೂರೂವರೆ ಅಂಶದ ಆಸುಪಾಸಿನಲ್ಲಿವೆ. ಹದಿಮೂರೂವರೆ ಅಂಶವೆಂದರೆ ನಮ್ಮ ತೋಟದ ಅಡಿಕೆ ಮರದ ತಲೆಗಿಂತ ಕೆಳಗೆ! ಧ್ರುವನನ್ನು ನೋಡಬೇಕಾದರೆ ಮರ ಕಡಿಯಬೇಕು. ಗುಡ್ಡವಿದ್ದ ಕಡೆ ಅದೂ ಸಾಲದು. ಆದುದರಿಂದ ನಾವು ಬೇರೊಂದು ವಿಧಾನವನ್ನು ಅನುಸರಿಸುತ್ತೇವೆ. ನೆತ್ತಿಯಿಂದ ತುಸು ದಕ್ಷಿಣಕ್ಕೆ, ಆಕಾಶದ ಮಧ್ಯರೇಖೆಯ ಹತ್ತಿರದ ಒಂದು ನಕ್ಷತ್ರವನ್ನು ಹಿಡಿದು, ಮೋಟಾರು ನಡೆಯುತ್ತಿರುವಾಗ ಅದು ಯಾವ ಕಡೆಗೆ ಜಾರುತ್ತದೆಂದು ಕೆಲವು ನಿಮಿಷ ನೋಡುವುದು. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷವು ಪೂರ್ವಕ್ಕೆ ಹೆಚ್ಚಾಗಿ ತಿರುಗಿದೆ; ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಹಾಗೆ ನೋಡುತ್ತ, ತಿದ್ದುತ್ತ ಹೋದರೆ ಅರ್ಧ ಗಂಟೆಯಲ್ಲಿ ಪೀಠ ಸರಿಹೊಂದುತ್ತದೆ. ಕಾಣದ ಧ್ರುವನನ್ನು ಕಾಣುವ ನಕ್ಷತ್ರದ ನಡೆಯಿಂದ ಅರಿಯುವ ಈ ಕ್ರಮ ಮೊದಮೊದಲು ಬೇಸರವೆನಿಸಿದರೂ, ಈಗ ಆ ಅರ್ಧ ಗಂಟೆಯೇ ಮನಸ್ಸನ್ನು ಒಂದೆಡೆ ನಿಲ್ಲಿಸುವ ಹೊತ್ತಾಗಿದೆ.

ಇನ್ನೊಂದು ತೊಡಕೂ ಇತ್ತು. ಉತ್ತರದ ದೇಶಗಳಿಗಾಗಿ ತಯಾರಾದ ಇಂಥ ಪೀಠಗಳನ್ನು ನಮ್ಮ ಅಕ್ಷಾಂಶಕ್ಕೆ ಬಾಗಿಸಿದರೆ, ಸಮತೋಲನಕ್ಕಾಗಿ ಭಾರ ತೂಗಿಸುವ ಸರಳು ಮುಕ್ಕಾಲಿಯ ಕಾಲಿಗೆ ಬಡಿಯುತ್ತದೆ. ಪೇಟೆಯ ವೆಲ್ಡಿಂಗ್ ಅಂಗಡಿಯವರು ಒಂದು ಗೇಣು ಕಬ್ಬಿಣದ ಕೊಳವೆಯನ್ನು ಕತ್ತರಿಸಿ ಬೆಸೆದು, ಪೀಠವನ್ನು ಮುಕ್ಕಾಲಿಯಿಂದ ಮೇಲಕ್ಕೆತ್ತಿ ಕೊಟ್ಟರು. ಆಕಾಶದ ಚಿತ್ರಕ್ಕಾಗಿ ಎಂದು ತಿಳಿದಾಗ ಕೂಲಿಯನ್ನು ಅರ್ಧಕ್ಕಿಳಿಸಿ, ಚಿತ್ರ ಬಂದ ಮೇಲೆ ತಮಗೂ ಒಂದು ತೋರಿಸಬೇಕೆಂದರು. ಕಾಯಕಕ್ಕೆ ಮೇಲು ಕೀಳಿಲ್ಲವೆಂಬ ಶರಣರ ನುಡಿಯನ್ನು ನಾವು ಸಭೆಗಳಲ್ಲಿ ಎಷ್ಟು ಸಲ ಕೇಳಿಲ್ಲ? ನಮ್ಮ ಚಿತ್ರಗಳಲ್ಲಿ ನಕ್ಷತ್ರಗಳು ದುಂಡಗೆ ನಿಂತಿದ್ದರೆ ಅದರಲ್ಲಿ ಆ ಬೆಸುಗೆಯವರ ಪಾಲೂ ಇದೆ.

ಇಷ್ಟು ಚಿಕ್ಕ ಯಂತ್ರದಿಂದ ಏನಾದೀತೆಂದು ಸಂದೇಹಪಡುವವರು ಇತಿಹಾಸವನ್ನು ನೋಡಬೇಕು. ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ತೆಗೆದವರು ಅಮೆರಿಕದ ಹೆನ್ರಿ ಡ್ರೇಪರ್ ಎಂಬ ವೈದ್ಯರು. 1880ರ ಸೆಪ್ಟೆಂಬರ್ 30ರಂದು, ಹನ್ನೊಂದು ಅಂಗುಲದ ದೂರದರ್ಶಕಕ್ಕೆ ಗಾಜಿನ ಫಲಕವನ್ನು ಹಚ್ಚಿ, 51 ನಿಮಿಷ ಬೆಳಕಿಗೆ ಒಡ್ಡಿ ಅವರು ಇದೇ ಮಹಾವ್ಯಾಧ ನೀಹಾರಿಕೆಯನ್ನು ಸೆರೆಹಿಡಿದರು. ಮೂರು ವರ್ಷಗಳ ಬಳಿಕ, 1883ರಲ್ಲಿ, ಇಂಗ್ಲೆಂಡಿನ ಎಂಜಿನಿಯರ್ ಆಂಡ್ರ್ಯೂ ಏನ್ಸ್ಲಿ ಕಾಮನ್ ತಮ್ಮ 36 ಅಂಗುಲದ ಕನ್ನಡಿಯಿಂದ ತೆಗೆದ ಚಿತ್ರದಲ್ಲಿ, ಅದೇ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದರೂ ಕಾಣದ ನಕ್ಷತ್ರಗಳು ಮೂಡಿದ್ದವು. ಕಣ್ಣು ಕಂಡದ್ದನ್ನು ಬರೆದಿಡುವ ಸಾಧನವೆಂದು ತಿಳಿದಿದ್ದ ಛಾಯಾಚಿತ್ರವು ಕಣ್ಣು ಕಾಣದ್ದನ್ನೂ ಕಾಣಬಲ್ಲುದೆಂದು ಲೋಕಕ್ಕೆ ತಿಳಿದದ್ದು ಹೀಗೆ. ಇವರಿಬ್ಬರೂ ವೃತ್ತಿಯಿಂದ ಖಗೋಳಜ್ಞರಲ್ಲ, ಹವ್ಯಾಸಿಗಳು ಎಂಬುದು ಗಮನಾರ್ಹ. ಅಂದಿನ ಫಲಕಕ್ಕಿಂತ ಇಂದಿನ ಸಾಧಾರಣ ಕ್ಯಾಮೆರಾದ ಸಂವೇದಕ ಎಷ್ಟೋ ಪಾಲು ಚುರುಕು. ಡ್ರೇಪರ್ ಅವರಿಗೆ ಸಿಕ್ಕಿದ್ದಕ್ಕಿಂತ ಹೆಚ್ಚಿನ ವಿವರ ಇಂದು ಕಾಲೇಜು ಹುಡುಗಿಯೊಬ್ಬಳಿಗೆ ಮನೆಯಂಗಳದಲ್ಲಿ ಸಿಕ್ಕುತ್ತದೆ.

ಅದು ಸಿಕ್ಕುವ ಬಗೆಯನ್ನು ನಮ್ಮ ಸಮಾಜದವರಿಗೆ ವಿವರಿಸುವುದು ಸುಲಭ. ನಮ್ಮ ಮಠಗಳು ವಿದ್ಯಾರ್ಥಿನಿಲಯಗಳನ್ನು ನಡೆಸಿದ್ದು ಹೇಗೆ? ಜೋಳಿಗೆಯಿಂದ. ಒಂದೊಂದು ಮನೆಯವರು ಒಂದೊಂದು ಹಿಡಿ ಅಕ್ಕಿ, ಒಂದೊಂದು ಹಿಡಿ ರಾಗಿ ಹಾಕಿದರು; ಸಾವಿರಾರು ಮಕ್ಕಳ ಊಟವಾಯಿತು. ನೀಹಾರಿಕೆಯ ಚಿತ್ರವೂ ಜೋಳಿಗೆಯೇ. ನಾವು ಒಂದೇ ಸಲಕ್ಕೆ ಎರಡು ಗಂಟೆ ಕ್ಯಾಮೆರಾವನ್ನು ತೆರೆದಿಡುವುದಿಲ್ಲ. ಇಡಲೂ ಆಗದು, ಪೀಠ ಅಷ್ಟು ನಿಖರವಲ್ಲ. ಮೂವತ್ತು ಸೆಕೆಂಡಿನಂತೆ ಇನ್ನೂರ ನಲವತ್ತು ಚಿತ್ರಗಳನ್ನು ತೆಗೆಯುತ್ತೇವೆ. ಒಂದೊಂದನ್ನೇ ನೋಡಿದರೆ ಅದರಲ್ಲಿ ಏನೂ ಇಲ್ಲವೆನಿಸುತ್ತದೆ: ಕಾಳು ಕಾಳಾದ ಗದ್ದಲ, ನಡುವೆ ಒಂದು ಮಸುಕು. ಅವನ್ನೆಲ್ಲ ಗಣಕಯಂತ್ರದಲ್ಲಿ, ನಕ್ಷತ್ರಕ್ಕೆ ನಕ್ಷತ್ರ ಕೂಡುವಂತೆ, ಒಂದರ ಮೇಲೊಂದು ಪೇರಿಸಬೇಕು. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ತಂತ್ರಾಂಶಗಳು ಇದಕ್ಕಾಗಿ ಉಚಿತವಾಗಿಯೇ ದೊರೆಯುತ್ತವೆ. ಪೇರಿಸಿದಾಗ ನಿಜವಾದ ಬೆಳಕು ಎಲ್ಲ ಚಿತ್ರಗಳಲ್ಲಿಯೂ ಒಂದೇ ಕಡೆ ಬಿದ್ದಿರುವುದರಿಂದ ಕೂಡುತ್ತ ಹೋಗುತ್ತದೆ. ಗದ್ದಲವಾದರೋ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಇರುವುದರಿಂದ ಅಷ್ಟು ಬೆಳೆಯದು. ನೂರು ಚಿತ್ರ ಪೇರಿಸಿದರೆ ಬೆಳಕು ನೂರು ಪಟ್ಟು, ಗದ್ದಲ ಹತ್ತೇ ಪಟ್ಟು, ಲಾಭ ಹತ್ತರಷ್ಟು. ವಿಮಾನವೋ ಕೃತಕ ಉಪಗ್ರಹವೋ ಯಾವುದಾದರೊಂದು ಚಿತ್ರದಲ್ಲಿ ಗೆರೆ ಎಳೆದುಹೋಗಿದ್ದರೆ, ಉಳಿದವುಗಳಲ್ಲಿ ಇಲ್ಲದ ಆ ಗೆರೆಯನ್ನು ಲೆಕ್ಕವೇ ತೆಗೆದುಹಾಕುತ್ತದೆ. ಕೊನೆಯಲ್ಲಿ ದೂರದರ್ಶಕಕ್ಕೆ ಮುಚ್ಚಳ ಹಾಕಿ ಬರಿಯ ಕತ್ತಲೆಯ ಚಿತ್ರಗಳನ್ನೂ ತೆಗೆಯುತ್ತೇವೆ. ಕ್ಯಾಮೆರಾ ತನ್ನೊಳಗಿನಿಂದಲೇ ಹುಟ್ಟಿಸುವ ಸುಳ್ಳು ಚುಕ್ಕೆಗಳೆಷ್ಟೆಂದು ಅವು ತಿಳಿಸುತ್ತವೆ, ಅಷ್ಟನ್ನು ಕಳೆಯಬೇಕು. ಆತ್ಮನಿರೀಕ್ಷಣೆಯೆಂಬುದು ಯಂತ್ರಕ್ಕೂ ತಪ್ಪಿದ್ದಲ್ಲ.

ಮೇಲಿನ ಮಂಜಿಗೆ ಕೆಳಗಿನ ಮಂಜೇ ವೈರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಯಂತ್ರವನ್ನು ಪೆಟ್ಟಿಗೆಯಿಂದ ಹೊರತೆಗೆಯುವ ಮಾತೇ ಇಲ್ಲ. ಆ ತಿಂಗಳುಗಳಲ್ಲಿ ಗಾಜಿಗೆ ಬೂಷ್ಟು ಹಿಡಿಯದಂತೆ ಕಾಯುವುದೇ ದೊಡ್ಡ ಕೆಲಸ. ನವೆಂಬರ್ ಕೊನೆಗೆ ಆಕಾಶ ತಿಳಿಯಾಗುತ್ತದೆ. ಆದರೆ ನಡುರಾತ್ರಿ ಕಳೆಯುತ್ತಲೇ ಇಬ್ಬನಿ ಇಳಿದು ಕನ್ನಡಿ ಮಸುಕಾಗುತ್ತದೆ. ಶೃಂಗೇರಿಯ ತುಂಗಾ ಕಣಿವೆಯಲ್ಲಿ ಸುತ್ತಲೂ ಗುಡ್ಡಗಳಿರುವುದರಿಂದ ಆಕಾಶ ಕಿರಿದು, ಮಂಜು ಬೇಗ. ನರಸಿಂಹರಾಜಪುರದ ಕಡೆ ಭದ್ರಾ ಹಿನ್ನೀರಿನ ದಡದಲ್ಲಿ ಆಕಾಶವೇನೋ ವಿಶಾಲವಾಗಿ ತೆರೆದುಕೊಳ್ಳುತ್ತದೆ, ಆದರೆ ನೀರಿನ ಮೇಲಿಂದ ಎದ್ದ ಮಂಜು ಬೆಳಗಿನ ಜಾವ ಎಲ್ಲವನ್ನೂ ನುಂಗುತ್ತದೆ. ಕೊಪ್ಪದ ಸುತ್ತಿನ ಎತ್ತರದ ತೋಟಗಳೇ ವಾಸಿ. ದೂರದರ್ಶಕದ ಬಾಯಿಗೆ ಕಪ್ಪು ರಬ್ಬರ್ ಹಾಳೆಯನ್ನು ಕೊಳವೆಯಂತೆ ಸುತ್ತಿ ಒಂದು ಮೊಳ ಮುಂದಕ್ಕೆ ಚಾಚಿದರೆ ಇಬ್ಬನಿ ಒಂದೆರಡು ಗಂಟೆ ತಡವಾಗಿ ಬರುತ್ತದೆ. ವಿದ್ಯುತ್ತು ಯಾವ ಗಳಿಗೆಯಲ್ಲಿ ಹೋಗುವುದೋ ಹೇಳಲಾಗದ ನಮ್ಮ ಊರುಗಳಲ್ಲಿ ಹನ್ನೆರಡು ವೋಲ್ಟಿನ ಬ್ಯಾಟರಿಯೇ ಆಧಾರ. ಫೆಬ್ರವರಿ ಬರುವ ಹೊತ್ತಿಗೆ ಮಂಜು ಕಡಿಮೆಯಾಗುತ್ತದೆ. ಹೂಮಳೆಯ ಮೋಡಗಳು ಬರುವ ಮುನ್ನ ಕೆಲವು ವಾರ ಸಿಕ್ಕುತ್ತವೆ. ಆ ಕೆಲವು ವಾರಗಳ ನಡುವೆಯೇ ಬರುವುದು ಮಹಾಶಿವರಾತ್ರಿ.

ನೀಹಾರಿಕೆಯ ಚಿತ್ರಕ್ಕೆ ಚಂದ್ರನಿಲ್ಲದ ರಾತ್ರಿ ಬೇಕು. ಅಂದರೆ ಅಮಾವಾಸ್ಯೆಯೇ ನಮಗೆ ಶ್ರೇಷ್ಠ. ಅಮಾವಾಸ್ಯೆಯ ರಾತ್ರಿ ಗಂಡಸರೂ ಮಕ್ಕಳೂ ಬಯಲಿನಲ್ಲಿ ನಿಲ್ಲುವುದೆಂದರೆ ಮನೆಯ ಹಿರಿಯ ಹೆಂಗಸರಿಗೆ ಮೊದಲು ಕಸಿವಿಸಿಯಾಯಿತು. ನಮ್ಮ ಚಿಕ್ಕಮ್ಮನವರು ಪೆಟ್ಟಿಗೆಯನ್ನೇ ಅಡಗಿಸಿಡುವ ಯೋಚನೆ ಮಾಡಿದ್ದರಂತೆ. ತಿಥಿ ವಾರ ನಕ್ಷತ್ರಗಳಲ್ಲಿ ಒಳ್ಳೆಯದು ಕೆಟ್ಟದು ಎಂಬ ಭೇದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದ ಶರಣರ ಪರಂಪರೆ ನಮ್ಮದಲ್ಲವೇ ಎಂದು ನಾವು ವಾದಿಸಲಿಲ್ಲ. ಒಂದು ಅಮಾವಾಸ್ಯೆಯಂದು ಅವರನ್ನೇ ಕಣಕ್ಕೆ ಕರೆದು, ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸಿದೆವು. ಹಾಲುಹಾದಿ ಅಡಿಕೆ ಮರಗಳ ನೆತ್ತಿಯ ಮೇಲೆ ಹಾದುಹೋಗಿತ್ತು. ಬಹಳ ಹೊತ್ತು ನೋಡಿ, ತಾವು ಚಿಕ್ಕವರಿದ್ದಾಗ ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆಯ ಪಕ್ಕ ಮಲಗಿ ಇದನ್ನು ನೋಡುತ್ತಿದ್ದುದಾಗಿಯೂ, ಆಮೇಲೆ ಯಾವಾಗ ನೋಡುವುದು ಬಿಟ್ಟುಹೋಯಿತೋ ತಿಳಿಯದೆಂದೂ ಹೇಳಿದರು. ಅಂದಿನಿಂದ ಅಮಾವಾಸ್ಯೆಗೆ ನಮಗೆ ಬಿಸಿ ಕಾಫಿ ಕಣಕ್ಕೇ ಬರುತ್ತದೆ.

ಶಿವರಾತ್ರಿಯು ಮಾಘ ಬಹುಳ ಚತುರ್ದಶಿ. ಅಂದು ಚಂದ್ರ ಮೂಡುವುದು ಬೆಳಗಿನ ಜಾವದ ಕೊನೆಗೆ, ಅದೂ ಗೆರೆಯಷ್ಟು ತೆಳುವಾಗಿ. ರಾತ್ರಿಯೆಲ್ಲ ಕತ್ತಲೆ, ಮನೆಯವರೆಲ್ಲ ಜಾಗರಣೆ. ಇದಕ್ಕಿಂತ ಯೋಗ್ಯವಾದ ರಾತ್ರಿ ವರ್ಷದಲ್ಲಿ ಇನ್ನೊಂದಿಲ್ಲ. ನಾಲ್ಕು ಯಾಮಗಳ ಪೂಜೆಯಂತೆ ನಮಗೆ ನಾಲ್ಕು ನೀಹಾರಿಕೆಗಳು. ಮೊದಲ ಯಾಮದಲ್ಲಿ, ಕತ್ತಲಾಗುತ್ತಲೇ, ಮಹಾವ್ಯಾಧ ನೀಹಾರಿಕೆ ದಕ್ಷಿಣದಲ್ಲಿ ಎತ್ತರಕ್ಕೇರಿರುತ್ತದೆ. ಪಕ್ಕದಲ್ಲಿ, ರುದ್ರನನ್ನು ಅಧಿದೇವತೆಯಾಗಿ ಉಳ್ಳ ಆರ್ದ್ರೆ. ಎರಡನೆಯ ಯಾಮದಲ್ಲಿ ಏಕಶೃಂಗಿ ಪುಂಜದ ರೋಸೆಟ್ ನೀಹಾರಿಕೆ; ಸುಮಾರು 5,000 ಜ್ಯೋತಿರ್ವರ್ಷ ದೂರದಲ್ಲಿ ಅರಳಿದ ಗುಲಾಬಿಯಂತಿದೆ. ಮೂರನೆಯ ಯಾಮದಲ್ಲಿ, ರಾತ್ರಿ ಒಂದು ಗಂಟೆಯ ಆಸುಪಾಸಿಗೆ, ಅಗಸ್ತ್ಯ ನಕ್ಷತ್ರಕ್ಕೂ ತ್ರಿಶಂಕು ಪುಂಜಕ್ಕೂ ನಡುವೆ, ದಕ್ಷಿಣ ದಿಗಂತದಿಂದ ಹದಿನಾರು ಅಂಶ ಮೇಲೆ ಕರೀನಾ ನೀಹಾರಿಕೆ. ಇದು ಮಹಾವ್ಯಾಧ ನೀಹಾರಿಕೆಗಿಂತಲೂ ದೊಡ್ಡದು. ನಮ್ಮ ಕ್ಯಾಮೆರಾದ ಚೌಕಟ್ಟಿಗೆ ಪೂರ್ತಿ ಹಿಡಿಯುವುದೇ ಇಲ್ಲ. ಲಂಡನ್ನಿನವರಿಗೂ ನ್ಯೂಯಾರ್ಕಿನವರಿಗೂ ಇದು ಎಂದೂ ದಿಗಂತದ ಮೇಲೆ ಬಾರದು. ಧ್ರುವನನ್ನು ತಗ್ಗಿಸಿದ ಅದೇ ಅಕ್ಷಾಂಶ ನಮಗೆ ದಕ್ಷಿಣದ ಈ ಸಂಪತ್ತನ್ನು ಕೊಟ್ಟಿದೆ. ತಮಿಳುನಾಡಿನ ಕಾವಲೂರಿನಲ್ಲಿ, ನಮಗಿಂತ ಒಂದು ಅಂಶ ಮಾತ್ರ ದಕ್ಷಿಣದಲ್ಲಿ, ವೇಣು ಬಾಪು ಅವರು 1968ರಲ್ಲಿ 38 ಸೆಂಟಿಮೀಟರಿನ ದೂರದರ್ಶಕದಿಂದ ವೀಕ್ಷಣೆಯನ್ನು ಆರಂಭಿಸಿದಾಗ, ಆ ಸ್ಥಳದ ಆಯ್ಕೆಯಲ್ಲಿ ಎಣಿಸಿದ ಗುಣಗಳಲ್ಲಿ ದಕ್ಷಿಣದ ಆಕಾಶ ಕಾಣುವುದೂ ಒಂದು. ನಾಲ್ಕನೆಯ ಯಾಮದಲ್ಲಿ, ನಾಲ್ಕೂವರೆಯ ಹೊತ್ತಿಗೆ, ಆಗ್ನೇಯದ ಮರಗಳ ಮೇಲೆ ಧನು ರಾಶಿಯ ಲಗೂನ್ ನೀಹಾರಿಕೆ ಏರಿಬರುತ್ತದೆ. ಆಮೇಲೆ ಪೂರ್ವ ಬೆಳ್ಳಗಾಗುತ್ತದೆ. ಎಲ್ಲರೂ ಸ್ನಾನಕ್ಕೆ ಏಳುತ್ತಾರೆ.

ಇಷ್ಟರಲ್ಲಿ ನಮ್ಮ ಅಪ್ಪಯ್ಯನವರ ಮಾತನ್ನು ಹೇಳಬೇಕು. ಎಂಬತ್ತು ದಾಟಿದವರು, ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೊಂದರ ದೃಷ್ಟಿ ಒತ್ತಡದ ಕಾಯಿಲೆಯಿಂದ ಹೆಚ್ಚುಕಡಿಮೆ ಹೋಗಿದೆ. ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿದಾಗ ಅವರಿಗೆ ಏನೂ ಕಾಣಲಿಲ್ಲ. ಬೇಸರವನ್ನು ತೋರಗೊಡದೆ, ನೀವು ನೋಡಿದರೆ ನಾನು ನೋಡಿದಂತೆಯೇ ಎಂದು ಒಳಕ್ಕೆ ಹೋದರು. ಎರಡು ರಾತ್ರಿಗಳ ಚಿತ್ರಗಳನ್ನು ಪೇರಿಸಿ, ಗಣಕಯಂತ್ರದ ತೆರೆಯ ತುಂಬ ಹಿಗ್ಗಿಸಿ, ಪೂಜೆ ಮುಗಿಸಿ ಬಂದವರ ಎದುರಿಗೆ ಇಟ್ಟೆವು. ರೆಕ್ಕೆ ಬಿಚ್ಚಿದ ಹಕ್ಕಿಯಂಥ ಆಕಾರ, ಅಂಚಿನಲ್ಲಿ ನಸುಗೆಂಪು, ನಡುವೆ ಬೆಳ್ಳಗೆ ನಾಲ್ಕು ಎಳೆಯ ನಕ್ಷತ್ರಗಳು. ಮುಖವನ್ನು ತೆರೆಯ ಹತ್ತಿರಕ್ಕೆ ತಂದು, ಒಂದು ಬದಿಯಿಂದ ಇನ್ನೊಂದು ಬದಿಗೆ ಬಹಳ ನಿಧಾನವಾಗಿ ನೋಡಿದರು. ನೋಡಿ ಮುಗಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಈ ಬಣ್ಣ ಅದರದೋ, ನೀವು ಹಚ್ಚಿದ್ದೋ?"

ಆ ಪ್ರಶ್ನೆಗೆ ಉತ್ತರ ಹೇಳಲು ನಮಗೆ ಒಂದು ಸಂಜೆ ಹಿಡಿಯಿತು. ಬಣ್ಣ ಅದರದೇ. ಆ ನಾಲ್ಕು ನಕ್ಷತ್ರಗಳಲ್ಲಿ ಪ್ರಖರವಾದುದರ ಅತಿನೇರಳೆ ಕಿರಣಗಳು ಸುತ್ತಲಿನ ಜಲಜನಕವನ್ನು ಕೆರಳಿಸುತ್ತವೆ. ಆ ಅನಿಲ 656.3 ನ್ಯಾನೊಮೀಟರಿನ ಕೆಂಪು ಬೆಳಕನ್ನು ಸೂಸುತ್ತದೆ. ನೀಹಾರಿಕೆಗಳಲ್ಲಿ ಹಸಿರು ಗೆರೆಯೊಂದೂ ಇದೆ. 1864ರಲ್ಲಿ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಒಡೆದು ನೋಡಿದಾಗ, ನಕ್ಷತ್ರದ್ದರಂತೆ ಏಳು ಬಣ್ಣಗಳ ಪಟ್ಟಿಯಿಲ್ಲದೆ ಹೊಳೆಯುವ ಗೆರೆಗಳು ಮಾತ್ರ ಕಂಡವು. ಅದು ಅನಿಲವೆಂಬುದು ಅಂದು ಸಿದ್ಧವಾಯಿತು. ಆದರೆ ಆ ಹಸಿರು ಗೆರೆ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ನೆಬ್ಯುಲಿಯಂ ಎಂಬ ಹೊಸ ಧಾತುವನ್ನೇ ವಿದ್ವಾಂಸರು ಕಲ್ಪಿಸಿದರು. 1927ರಲ್ಲಿ ಐರಾ ಬೋವೆನ್ ಅದು ನಾವು ಉಸಿರಾಡುವ ಆಮ್ಲಜನಕವೇ, ಅತಿ ವಿರಳವಾದ ಸ್ಥಿತಿಯಲ್ಲಿ ಹೀಗೆ ಹೊಳೆಯುತ್ತದೆಂದು ತೋರಿಸಿಕೊಟ್ಟರು. ನಮ್ಮ ಕಣ್ಣಿಗೆ ಈ ಬಣ್ಣಗಳು ಕಾಣದಿರುವುದು ಮಂದ ಬೆಳಕಿನಲ್ಲಿ ಕಣ್ಣಿನ ಬಣ್ಣ ಗ್ರಹಿಸುವ ಶಕ್ತಿ ಉಡುಗುವುದರಿಂದ. ಬೆಳದಿಂಗಳಿನಲ್ಲಿ ದಾಸವಾಳ ಕಪ್ಪಾಗಿ ಕಾಣುವಂತೆ. ನಾವು ಮಾಡುವುದು ಆ ಮಂದ ಬೆಳಕನ್ನು ಹೆಚ್ಚಿಸುವುದಷ್ಟೇ. ಮಾರಾಟದ ಕ್ಯಾಮೆರಾಗಳಲ್ಲಿ ಈ ಕಡುಗೆಂಪನ್ನು ಬಹುಪಾಲು ತಡೆಯುವ ಗಾಜೊಂದಿರುವುದರಿಂದ, ನಮ್ಮ ಚಿತ್ರದಲ್ಲಿ ಕೆಂಪು ನಿಜಕ್ಕಿಂತ ಕಡಿಮೆಯೇ ಬಂದಿದೆ ಎಂದೂ ಹೇಳಿದೆವು.

ಎಲ್ಲವನ್ನೂ ಕೇಳಿ ಅಪ್ಪಯ್ಯನವರು, "ಹಾಗಾದರೆ ಸರಿ. ಇದ್ದದ್ದನ್ನು ಎತ್ತಿ ತೋರಿಸಿ, ಇಲ್ಲದ್ದನ್ನು ಸೇರಿಸಬೇಡಿ" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಕಟ್ಟಳೆ. ಗಣಕಯಂತ್ರದಲ್ಲಿ ಏನನ್ನು ಬೇಕಾದರೂ ಸೃಷ್ಟಿಸಬಹುದಾದ ಈ ಕಾಲದಲ್ಲಿ ಮಕ್ಕಳಿಗೆ ಕಲಿಸಬೇಕಾದ ವಿವೇಕ ಇದಕ್ಕಿಂತ ಬೇರೊಂದಿದೆಯೆಂದು ನಮಗೆ ತೋರುವುದಿಲ್ಲ. ಹುಡುಗರು ಒಂದು ಚಿತ್ರವನ್ನು ಬೇರೆಯವರಿಗೆ ತೋರಿಸುವ ಮುನ್ನ, ಯಾವ ರಾತ್ರಿ, ಎಷ್ಟು ನಿಮಿಷದ ಬೆಳಕು, ಏನೇನು ತಿದ್ದುಪಡಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ.

ಆ ಬೆಳಕಿನ ವಯಸ್ಸನ್ನೂ ಎಣಿಸಿ ನೋಡಬೇಕು. ಮಹಾವ್ಯಾಧ ನೀಹಾರಿಕೆಯಿಂದ ಇಂದು ನಮ್ಮ ಕನ್ನಡಿಗೆ ಬೀಳುವ ಬೆಳಕು ಹೊರಟಾಗ ಕರ್ನಾಟಕವನ್ನು ಬಾದಾಮಿಯ ಚಾಲುಕ್ಯರು ಆಳುತ್ತಿದ್ದರು. ಅದೇ ಮಹಾವ್ಯಾಧನ ಪಾದದಲ್ಲಿ ನೀಲಿ ಬಿಳುಪಾಗಿ ಹೊಳೆಯುವ ರೈಗಲ್ ನಕ್ಷತ್ರ ಸುಮಾರು 860 ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಸರಿಸುಮಾರು ಬಸವಣ್ಣನವರು ಕಲ್ಯಾಣದಲ್ಲಿದ್ದ, ಶರಣರು ಅನುಭವ ಮಂಟಪದಲ್ಲಿ ಕೂಡುತ್ತಿದ್ದ ದಿನಗಳಲ್ಲಿ ಹೊರಟ ಬೆಳಕು ಅದು. ಬರಿಗಣ್ಣಿಗೇ ಕಾಣುವ ಆ ಚುಕ್ಕೆಯನ್ನು ತೋರಿಸಿ ಇಷ್ಟನ್ನು ಹೇಳಿದರೆ, ಮನೆಯ ಚಿಕ್ಕ ಮಗುವೂ ಕ್ಷಣಕಾಲ ಮಾತು ಮರೆಯುತ್ತದೆ. ಎಂಟುನೂರು ಅರುವತ್ತು ವರ್ಷ ಎಲ್ಲಿಯೂ ತಡೆಯಿಲ್ಲದೆ ಬಂದ ಆ ಬೆಳಕು ಕೊನೆಯ ಗಳಿಗೆಯಲ್ಲಿ ಸೋಲುವುದು ನಮ್ಮ ಅಂಗಳದ ದೀಪಕ್ಕೆ ಎಂಬುದೇ ಖೇದದ ಸಂಗತಿ.

ಹೌದು, ಸೋಲುತ್ತಿದೆ. ಎಲ್‌ಇಡಿ ದೀಪ ಅಗ್ಗವಾದ ಮೇಲೆ ತಾಲ್ಲೂಕು ಕೇಂದ್ರಗಳಲ್ಲಿ ಎತ್ತರದ ಕಂಬಗಳ ದೀಪಗಳು, ರಸ್ತೆಗಳಲ್ಲಿ ಬಿಳಿ ದೀಪಗಳು, ವಸತಿಗೃಹಗಳಲ್ಲಿ ಮರಗಳಿಗೆ ಸುತ್ತಿದ ದೀಪಗಳು ಹೆಚ್ಚಿವೆ. ದಿಗಂತದ ಅಂಚಿನಲ್ಲಿ ಮೊದಲಿಲ್ಲದ ಬಿಳುಪು ನಮ್ಮ ಚಿತ್ರಗಳಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಕರೀನಾ ನೀಹಾರಿಕೆಯಂಥ ದಿಗಂತಕ್ಕೆ ಹತ್ತಿರದ ವಸ್ತುಗಳು ಮೊದಲು ಮರೆಯಾಗುವುದು ಈ ಬಿಳುಪಿನಲ್ಲಿಯೇ. ಬೆಳಕೇ ಬೇಡವೆನ್ನುವಷ್ಟು ನಾವು ಅವಿವೇಕಿಗಳಲ್ಲ. ನಮ್ಮ ಪಕ್ಕದ ತೋಟದವರು ದೊಡ್ಡ ದೀಪ ಹಾಕಿಸಿದ್ದು ಒಣಗಲು ಹರಡಿದ ಅಡಿಕೆಯ ಕಳವಿನ ಭಯಕ್ಕೆ, ಆನೆ ಕಾಡುಹಂದಿಗಳ ಭಯಕ್ಕೆ. ಆ ಭಯ ನಿಜವಾದುದು. ಅವರನ್ನು ಕಣಕ್ಕೆ ಕರೆದು ನೀಹಾರಿಕೆಯನ್ನು ತೋರಿಸಿದೆವು. ಆಮೇಲೆ ಅವರ ಅಂಗಳಕ್ಕೆ ಹೋಗಿ, ದೀಪದ ಅರ್ಧ ಬೆಳಕು ಅಡಿಕೆಯ ಮೇಲೆ ಬೀಳದೆ ಆಕಾಶಕ್ಕೆ ಹೋಗುತ್ತಿರುವುದನ್ನು ಜೊತೆಗೆ ನಿಂತು ನೋಡಿದೆವು. ದೀಪಕ್ಕೆ ತಗಡಿನ ಮರೆ ಕಟ್ಟಿ ನೆಲಕ್ಕೆ ತಿರುಗಿಸಿದ ಮೇಲೆ ಅವರ ಅಂಗಳ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ನಮಗೆ ಪೂರ್ವದ ಆಕಾಶ ಮರಳಿತು. ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ.

ಕತ್ತಲೆಯನ್ನು ಕಾಯ್ದಿಡುವುದು ಹುಚ್ಚಿನ ಮಾತಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ ಎರಡು ಮೀಟರಿನ ದೂರದರ್ಶಕವನ್ನು ಸ್ಥಾಪಿಸಿ, ಅದನ್ನು ನಮ್ಮ ಹೊಸಕೋಟೆಯಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಿದೆ. ಆ ಹಾನ್ಲೆಯ ಸುತ್ತಿನ ಪ್ರದೇಶವನ್ನು 2022ರಲ್ಲಿ ಕತ್ತಲೆ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ದೇಶದಲ್ಲಿ ಅದೇ ಮೊದಲನೆಯದು. ಅಲ್ಲಿಯ ಹಳ್ಳಿಗರೇ ತಮ್ಮ ದೀಪಗಳಿಗೆ ಮರೆ ಕಟ್ಟಿ, ಬಂದವರಿಗೆ ಆಕಾಶ ತೋರಿಸುವ ಕೆಲಸವನ್ನೂ ಕಲಿತಿದ್ದಾರೆ. ನಮ್ಮ ನಾಡಿಗೂ ಆಕಾಶದ ಸಂಸ್ಕಾರ ಹೊಸದಲ್ಲ. ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳನ್ನು ಕೆತ್ತಿದ ಹನ್ನೆರಡು ಕಂಬಗಳನ್ನು ನಿಲ್ಲಿಸಿದವರು, ಸೂರ್ಯನ ನಡೆಯನ್ನು ಕಲ್ಲಿನಲ್ಲಿ ನೆನಪಿಡಲು ಬಯಸಿದವರಲ್ಲವೇ? ಭದ್ರೆಯ ದಡದ ಬಾಳೆಹೊನ್ನೂರಿಗೆ ರಂಭಾಪುರಿ ಪೀಠದ ದರ್ಶನಕ್ಕೆಂದು ದೂರದೂರದಿಂದ ಬರುವ ಭಕ್ತರು, ರಾತ್ರಿ ಒಂದು ಗಳಿಗೆ ದೀಪವಿಲ್ಲದ ಕಡೆ ನಿಂತು ತಲೆಯೆತ್ತಿದರೆ, ತಮ್ಮ ಊರುಗಳಲ್ಲಿ ಕಾಣದ ಆಕಾಶವನ್ನು ಕಂಡೇ ಹೋಗುತ್ತಾರೆ.

ದಾಸೋಹವೆಂದರೆ ಅನ್ನವೊಂದೇ ಅಲ್ಲವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಮಗೆ ದೊರೆತದ್ದನ್ನು ಹಂಚಿ ಉಣ್ಣುವುದೆಲ್ಲ ದಾಸೋಹವೇ. ಆಕಾಶವನ್ನು ಹಂಚಿದರೆ ಅದು ಕಡಿಮೆಯೂ ಆಗದು. ಆದುದರಿಂದ ಈ ಪತ್ರಿಕೆಯ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟು. ಮನೆಯ ಹೊರಗಿನ ದೀಪಗಳನ್ನು ನೆಲಕ್ಕೆ ತಿರುಗಿಸಿರಿ. ಮಲಗುವಾಗ ಬೇಡದ್ದನ್ನು ಆರಿಸಿರಿ. ಹೊಸ ದೀಪ ಕೊಳ್ಳುವಾಗ ಕಣ್ಣು ಕುಕ್ಕುವ ಬಿಳಿಗಿಂತ ನಸುಹಳದಿಯದನ್ನು ಆರಿಸಿಕೊಳ್ಳಿರಿ. ಬರುವ ಶಿವರಾತ್ರಿಯ ಜಾಗರಣೆಯಲ್ಲಿ, ಮೊದಲ ಯಾಮದ ಪೂಜೆಯಾದ ಮೇಲೆ, ಹತ್ತು ನಿಮಿಷ ಎಲ್ಲ ದೀಪಗಳನ್ನೂ ಆರಿಸಿ ಮಕ್ಕಳೊಡನೆ ಅಂಗಳದಲ್ಲಿ ನಿಲ್ಲಿರಿ. ದೂರದರ್ಶಕ ಬೇಕಾಗಿಲ್ಲ. ದಕ್ಷಿಣದ ಕಡೆಗೆ ಮುಖ ಮಾಡಿ, ಸಾಲಾಗಿ ನಿಂತ ಮೂರು ನಕ್ಷತ್ರಗಳನ್ನು ಹುಡುಕಿರಿ. ಅವುಗಳ ಕೆಳಗೆ ತುಸು ಮಸುಕಾದ ಒಂದು ಚುಕ್ಕೆ ಇದೆ. ಮೊದಲು ಕಾಣದಿದ್ದರೆ ಅವಸರಪಡಬೇಡಿರಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಅದು ತಾನಾಗಿಯೇ ಕಾಣುತ್ತದೆ.